ಒಂದು ಡಿಸ್ಕ್ ಸತ್ತರೂ ಲೆಕ್ಕ ಉಳಿಯಬೇಕು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಹಬ್ಬಿಕೊಂಡಿರುವ ಜೋಗಿಮಟ್ಟಿ ಕಾಡಿಗೆ ಹೋಗಿ ಬಂದವರು ಮೊದಲು ಹೇಳುವುದು ಅಲ್ಲಿನ ಗಾಳಿಯ ವಿಷಯವನ್ನು. ಬೆಟ್ಟದ ನೆತ್ತಿಯಲ್ಲಿ ನಿಂತರೆ ಟೋಪಿ ತಲೆಯ ಮೇಲೆ ನಿಲ್ಲುವುದಿಲ್ಲ, ಆಡಿದ ಮಾತು ಪಕ್ಕದವರಿಗೆ ಕೇಳುವುದಿಲ್ಲ. ಈ ಗಾಳಿಯನ್ನು ನಂಬಿಯೇ ಚಿತ್ರದುರ್ಗದ ಸುತ್ತಲಿನ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ಎದ್ದಿವೆ. ಆದರೆ ಯಂತ್ರ ನಿಲ್ಲಿಸುವ ಮೊದಲು ಆಗಬೇಕಾದ ಕೆಲಸವೊಂದಿದೆ. ಎತ್ತರದ ಕಂಬ ನೆಟ್ಟು, ಅದಕ್ಕೆ ವೇಗಮಾಪಕದ ತಿರುಗುವ ಬಟ್ಟಲುಗಳನ್ನು ಕಟ್ಟಿ, ಕನಿಷ್ಠ ಒಂದು ವರ್ಷವಾದರೂ ಹಗಲಿರುಳು ಗಾಳಿಯನ್ನು ಅಳೆಯಬೇಕು. ನಮ್ಮ ದೇಶದಲ್ಲಿ ಇಂಥ ಸಮೀಕ್ಷೆಗೆ ಅಡಿಪಾಯ ಹಾಕಿದವರು ಹವಾಮಾನ ವಿಜ್ಞಾನಿ ಅಣ್ಣಾ ಮಣಿ ಅವರು. ಗಾಳಿ ಅಳೆದ ಕರ್ನಾಟಕದ ಕೇಂದ್ರಗಳ ಪಟ್ಟಿಯಲ್ಲಿ ಜೋಗಿಮಟ್ಟಿಯ ಹೆಸರೂ ಇದೆ.

ಹತ್ತು ನಿಮಿಷಕ್ಕೊಂದು ಸರಾಸರಿ ಬರೆದಿಟ್ಟರೆ ದಿನಕ್ಕೆ 144 ಅಂಕಿಗಳು. ವರ್ಷಕ್ಕೆ 52,560. ಇದು ಒಂದು ಬಟ್ಟಲಿನ ಲೆಕ್ಕ. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ (ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು) ಅಂಕಿಯಲ್ಲಿ ಸ್ವಲ್ಪ ಎಡವಟ್ಟಾದರೂ ಕೋಟಿಗಟ್ಟಲೆ ರೂಪಾಯಿಯ ಅಂದಾಜು ತಲೆಕೆಳಗಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕಳೆದ ಆಷಾಢದ ಗಾಳಿಯ ಲೆಕ್ಕ ಕಳೆದುಹೋದರೆ ಅದನ್ನು ಮತ್ತೆ ಅಳೆಯಲು ಯಾವ ವಿಜ್ಞಾನಿಗೂ ಸಾಧ್ಯವಿಲ್ಲ. ಆ ಗಾಳಿ ಬೀಸಿ ಹೋಯಿತು.

ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಹರಿದದ್ದು ಬಿಟ್ಟರೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ, 89 ವರ್ಷಗಳ ನಂತರ. ಆಗ ಜಾತ್ರೆಯಂತೆ ಜನ ಸೇರಿದ್ದರು. ಈ 89 ಎಂಬ ಅಂಕಿ ನಮಗೆ ಗೊತ್ತಿರುವುದು ಹೇಗೆ? ನೀರಿನ ಮಟ್ಟವನ್ನು ನೋಡಿ ರಿಜಿಸ್ಟರಿನಲ್ಲಿ ಬರೆದಿಟ್ಟವರು ಇದ್ದುದರಿಂದ, ಆ ಕಾಗದ ಉಳಿದುದರಿಂದ. ಈಗ ಗಾಳಿ, ಮಳೆ, ನೀರು, ಪಹಣಿ, ಪರೀಕ್ಷೆಯ ಅಂಕ ಎಲ್ಲವೂ ಕಂಪ್ಯೂಟರಿಗೆ ಹೋಗಿವೆ. ಕಂಪ್ಯೂಟರಿನ ಡಿಸ್ಕ್ 89 ವರ್ಷ ಬದುಕುತ್ತದೆಯೇ? ತಯಾರಿಸಿದವರೇ ಕೊಡುವ ಗ್ಯಾರಂಟಿ ಸಾಮಾನ್ಯವಾಗಿ ಮೂರು ಇಲ್ಲವೇ ಐದು ವರ್ಷ. ಹಾಗಾದರೆ ಸಾಯುವ ಡಿಸ್ಕುಗಳ ಮೇಲೆ ಸಾಯದ ಲೆಕ್ಕವನ್ನು ಇಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಅದಕ್ಕೆ ಕಂಡುಕೊಂಡ ಉಪಾಯದ ಹೆಸರು ‘ರೇಡ್’. ಹೆಸರು ಕೇಳಿ ಆದಾಯ ತೆರಿಗೆಯವರ ದಾಳಿ ಎಂದು ತಿಳಿಯಬೇಡಿ!

ಹದಿಮೂರು ದಿನದ ಆಯುಸ್ಸು

ಹಾರ್ಡ್ ಡಿಸ್ಕ್ ಎಂದರೆ ಕಾಂತೀಯ ಲೇಪನವಿರುವ ತಟ್ಟೆಗಳು ತಿರುಗುವ ಒಂದು ಮುಚ್ಚಿದ ಪೆಟ್ಟಿಗೆ. ಸಾಧಾರಣ ಡಿಸ್ಕಿನಲ್ಲಿ ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ, ಬರೆಯುವ ಮೊನೆ ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಆ ಎತ್ತರದ ಸಾವಿರಾರು ಪಟ್ಟು. ಇಷ್ಟು ನಾಜೂಕಿನ ಯಂತ್ರ ವರ್ಷಗಟ್ಟಲೆ ನಿಲ್ಲದೆ ಓಡುತ್ತದೆ ಎಂಬುದೇ ಆಶ್ಚರ್ಯ. ಒಂದು ದಿನ ಅದು ಕೆಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

1980ರ ದಶಕದಲ್ಲಿ ದೊಡ್ಡ ಸಂಸ್ಥೆಗಳು ಬಳಸುತ್ತಿದ್ದದ್ದು ಐಬಿಎಂ 3380ರಂಥ ಭಾರಿ ಡಿಸ್ಕುಗಳನ್ನು. ಅದರಲ್ಲಿ 7,500 ಮೆಗಾಬೈಟ್ ಮಾಹಿತಿ ಹಿಡಿಯುತ್ತಿತ್ತು. ಅದೇ ವೇಳೆಗೆ ಸಣ್ಣ ಕಂಪ್ಯೂಟರುಗಳಿಗಾಗಿ 100 ಮೆಗಾಬೈಟಿನ ಅಗ್ಗದ ಪುಟ್ಟ ಡಿಸ್ಕುಗಳು ಬಂದವು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಒಂದು ಪ್ರಬಂಧ ಮಂಡಿಸಿದರು. ಒಂದು ಆನೆಯ ಬದಲು ನೂರು ಕತ್ತೆಗಳನ್ನು ಕಟ್ಟಿದರೆ ಹೇಗೆ ಎಂಬುದು, ನಮ್ಮ ಮಾತಿನಲ್ಲಿ ಹೇಳುವುದಾದರೆ, ಅವರ ಪ್ರಶ್ನೆ. ಅಗ್ಗವೂ ಹೌದು, ನೂರು ಡಿಸ್ಕ್ ಒಟ್ಟಿಗೆ ಓದುವುದರಿಂದ ವೇಗವೂ ಹೆಚ್ಚು. ಆದರೆ ಒಂದು ತೊಡಕು. ಆ ಪುಟ್ಟ ಡಿಸ್ಕಿನ ಸರಾಸರಿ ಆಯುಸ್ಸು 30,000 ಗಂಟೆ. ನೂರು ಡಿಸ್ಕ್ ಸೇರಿಸಿದರೆ ಅವುಗಳಲ್ಲಿ ಯಾವುದಾದರೂ ಒಂದು ಕೆಡಲು ತಗಲುವ ಸರಾಸರಿ ಕಾಲ 30,000 ಭಾಗಿಸು 100, ಅಂದರೆ 300 ಗಂಟೆ. ಹದಿಮೂರು ದಿನವೂ ತುಂಬುವುದಿಲ್ಲ!

ಆದ್ದರಿಂದ ಕತ್ತೆಗಳ ಜೊತೆಗೆ ಒಂದಿಷ್ಟು ಹೆಚ್ಚುವರಿ ಕತ್ತೆಗಳನ್ನೂ ಇಟ್ಟುಕೊಳ್ಳಬೇಕು, ಅವು ಯಾವ ಕತ್ತೆ ಬಿದ್ದರೂ ಅದರ ಹೊರೆಯನ್ನು ಹೊರುವಂತಿರಬೇಕು. ‘ಹೆಚ್ಚುವರಿಯುಳ್ಳ ಅಗ್ಗದ ಡಿಸ್ಕುಗಳ ಪಡೆ’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಸೇರಿ ‘ರೇಡ್’ ಆಯಿತು. ಮಾರುವ ಕಂಪನಿಗಳಿಗೆ ‘ಅಗ್ಗದ’ ಎಂಬ ಪದ ಹಿಡಿಸದೆ ಮುಂದೆ ಅದು ‘ಸ್ವತಂತ್ರ’ ಎಂದಾಯಿತು. ಬೆಲೆಯೂ ಅದಕ್ಕೆ ತಕ್ಕಂತೆ ಏರಿತೆನ್ನಿ.

ಅಂಕಪಟ್ಟಿಯ ಉಪಾಯ

ಹೆಚ್ಚುವರಿ ಎಂದರೆ ಪ್ರತಿಯೊಂದಕ್ಕೂ ನಕಲು ಇಡಬೇಕೆಂದಿಲ್ಲ. ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಯನ್ನು ನೆನಪಿಸಿಕೊಳ್ಳಲಿ. ಕನ್ನಡ 62, ಇಂಗ್ಲಿಷ್ 48, ಗಣಿತ 71, ವಿಜ್ಞಾನ 55, ಒಟ್ಟು 236. ಗಣಿತದ ಅಂಕದ ಮೇಲೆ ನೀರು ಬಿದ್ದು ಶಾಯಿ ಹರಡಿತು ಎನ್ನೋಣ. ಉತ್ತರಪತ್ರಿಕೆ ಹುಡುಕುವ ಅಗತ್ಯವಿಲ್ಲ. 236ರಿಂದ 62, 48, 55 ಕಳೆದರೆ 71 ಬಂತು. ನಾಲ್ಕು ಅಂಕಿಗಳನ್ನು ಕಾಯಲು ಒಂದೇ ಒಂದು ಹೆಚ್ಚುವರಿ ಅಂಕಿ ಸಾಕಾಯಿತು. ರೇಡ್ ವ್ಯವಸ್ಥೆಯಲ್ಲಿ ಈ ‘ಒಟ್ಟು’ ಕಾಲಮ್ಮಿಗೆ ‘ಪ್ಯಾರಿಟಿ’ ಎಂದು ಹೆಸರು. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರವಾದ್ದರಿಂದ ಕೂಡುವುದರ ಬದಲು ಬೆಸವೋ ಸಮವೋ ನೋಡಿದರೆ ಸಾಕು. ನಾಲ್ಕು ಡಿಸ್ಕುಗಳ ಒಂದೇ ಜಾಗದಲ್ಲಿ 1, 0, 1, 1 ಇದ್ದರೆ ಒಂದುಗಳು ಮೂರು, ಬೆಸ. ಐದನೆಯ ಡಿಸ್ಕಿನಲ್ಲಿ 1 ಬರೆದು ಸಮ ಮಾಡಿಡುತ್ತಾರೆ. ಯಾವ ಡಿಸ್ಕ್ ಹೋದರೂ, ಉಳಿದವುಗಳನ್ನು ಎಣಿಸಿ, ಸಮವಾಗಲು ಏನು ಬೇಕೋ ಅದೇ ಕಳೆದುಹೋದದ್ದು ಎಂದು ತಿಳಿಯಬಹುದು.

ಎರಡು ಅಂಕಗಳು ಅಳಿಸಿಹೋದರೆ? ಇಂಗ್ಲಿಷ್, ವಿಜ್ಞಾನ ಎರಡೂ ಕಾಣದಿದ್ದರೆ ಅವುಗಳ ಮೊತ್ತ 103 ಎಂದು ಗೊತ್ತಾಗುತ್ತದೆಯೇ ಹೊರತು ಯಾವುದಕ್ಕೆ ಎಷ್ಟು ಎಂದು ತಿಳಿಯುವುದಿಲ್ಲ. ಹತ್ತನೇ ತರಗತಿಯವರಿಗೆ ಉತ್ತರ ಗೊತ್ತು: ಎರಡು ಅವ್ಯಕ್ತಗಳಿಗೆ ಎರಡು ಸಮೀಕರಣಗಳು ಬೇಕು. ಆದ್ದರಿಂದ ಮೊದಲೇ ಇನ್ನೊಂದು ಮೊತ್ತವನ್ನೂ ಬರೆದಿಡೋಣ. ಮೊದಲ ವಿಷಯವನ್ನು 1ರಿಂದ, ಎರಡನೆಯದನ್ನು 2ರಿಂದ, ಹೀಗೆ 3, 4ರಿಂದ ಗುಣಿಸಿ ಕೂಡಿದರೆ 62 + 96 + 213 + 220 = 591. ಈಗ ಇಂಗ್ಲಿಷ್ ‘ಕ್ಷ’, ವಿಜ್ಞಾನ ‘ಯ’ ಆದರೆ, ಕ್ಷ + ಯ = 103; 2ಕ್ಷ + 4ಯ = 316. ಬಿಡಿಸಿ ನೋಡಿ, 48 ಮತ್ತು 55 ಬರುತ್ತವೆ. ‘ಈ ಸಮೀಕರಣಗಳಿಂದ ಜೀವನದಲ್ಲಿ ಏನು ಉಪಯೋಗ ಸಾರ್’ ಎಂದು ವರ್ಷಕ್ಕೊಬ್ಬನಾದರೂ ಕೇಳುತ್ತಾನೆ. ಬ್ಯಾಂಕಿನಲ್ಲಿರುವ ನಿನ್ನ ಅಪ್ಪನ ಖಾತೆ ಉಳಿದಿರುವುದಕ್ಕೆ ಇಂಥ ಲೆಕ್ಕವೂ ಒಂದು ಕಾರಣ ಎಂದು ಈಗ ಹೇಳಬಹುದು. ನಿಜವಾದ ಯಂತ್ರದಲ್ಲಿ ಗುಣಾಕಾರದ ನಿಯಮ ಬೇರೆ, ತತ್ವ ಇದೇ.

ಈ ಉಪಾಯಗಳ ಬೇರೆ ಬೇರೆ ಜೋಡಣೆಗಳಿಗೆ ನಂಬರುಗಳಿವೆ. ರೇಡ್-1 ಎಂದರೆ ಪ್ರತಿ ಡಿಸ್ಕಿಗೂ ಒಂದು ಪಡಿಯಚ್ಚು. ರೇಡ್-5ರಲ್ಲಿ ಒಂದು ಪ್ಯಾರಿಟಿ, ಅದೂ ಒಂದೇ ಡಿಸ್ಕಿನಲ್ಲಿರದೆ ಸರದಿಯಂತೆ ಎಲ್ಲ ಡಿಸ್ಕುಗಳಿಗೂ ಹಂಚಿರುತ್ತದೆ. ರೇಡ್-6ರಲ್ಲಿ ಎರಡು. ತಲಾ 4 ಟೆರಾಬೈಟಿನ ನಾಲ್ಕು ಡಿಸ್ಕ್ ಇದ್ದರೆ ರೇಡ್-5ರಲ್ಲಿ 12 ಟೆರಾಬೈಟ್ ಬಳಕೆಗೆ ಸಿಗುತ್ತದೆ, ರೇಡ್-6ರಲ್ಲಿ 8. ಪಡಿಯಚ್ಚಿನಲ್ಲೂ 8. ರೇಡ್-0 ಎಂಬುದೂ ಒಂದಿದೆ. ಅದರಲ್ಲಿ ಹೆಚ್ಚುವರಿ ಏನೂ ಇಲ್ಲ, ಸೊನ್ನೆ ಎಂಬ ಹೆಸರು ಅನ್ವರ್ಥ. ವೇಗಕ್ಕಾಗಿ ಡಿಸ್ಕುಗಳನ್ನು ಸುಮ್ಮನೆ ಜೋಡಿಸುತ್ತಾರೆ, ಒಂದು ಹೋದರೆ ಎಲ್ಲವೂ ಹೋಯಿತು. ಅಂಗಡಿಯವರು ‘ರೇಡ್ ಇದೆ’ ಎಂದಷ್ಟೇ ಹೇಳಿದರೆ ಯಾವ ನಂಬರು ಎಂದು ಕೇಳುವುದು ಒಳ್ಳೆಯದು.

ಪ್ಯಾರಿಟಿ ಪುಕ್ಕಟೆಯಲ್ಲ. ಒಂದು ಅಂಕ ತಿದ್ದಿದರೆ ಒಟ್ಟನ್ನೂ ತಿದ್ದಬೇಕಲ್ಲವೇ? ರೇಡ್-5ರಲ್ಲಿ ಒಂದು ಸಣ್ಣ ಬರಹಕ್ಕೆ ಹಳೆಯದನ್ನು ಓದು, ಹಳೆಯ ಪ್ಯಾರಿಟಿ ಓದು, ಹೊಸದನ್ನು ಬರೆ, ಹೊಸ ಪ್ಯಾರಿಟಿ ಬರೆ ಎಂದು ನಾಲ್ಕು ಕೆಲಸ. ಪಡಿಯಚ್ಚಿನಲ್ಲಿ ಎರಡೇ, ಆದರೆ ಅರ್ಧ ಜಾಗ ಹೋಗುತ್ತದೆ. ಎರಡರ ಅನುಕೂಲವನ್ನೂ ಪಡೆಯುವ ಒಂದು ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಗೋಪಿನಾಥ್ ಮತ್ತು ನಿತಿನ್ ಮುಪ್ಪಲನೇನಿ 2000ದಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಮಂಡಿಸಿದರು. ಪದೇ ಪದೇ ತಿದ್ದುವ ಮಾಹಿತಿ ಪಡಿಯಚ್ಚಿನ ಅಂತಸ್ತಿನಲ್ಲಿ, ಅಪರೂಪಕ್ಕೆ ಮುಟ್ಟುವುದು ರೇಡ್-5ರ ಅಂತಸ್ತಿನಲ್ಲಿ. ಬಳಕೆ ಬದಲಾದಂತೆ ಯಂತ್ರವೇ ಅದನ್ನು ಮೇಲೆ ಕೆಳಗೆ ಸಾಗಿಸುತ್ತದೆ. ದಿನಬಳಕೆಯ ಪಾತ್ರೆ ಕೈಗೆಟಕುವಲ್ಲಿ, ಹಬ್ಬದ ಪಾತ್ರೆ ಅಟ್ಟದ ಮೇಲೆ ಇಟ್ಟಂತೆ.

ಕೆಟ್ಟರೂ ಕಾಣದ ಕೇಡು

ಚಿತ್ರದುರ್ಗದ ಕೋಟೆಯಲ್ಲಿ ಪಾಳೆಯಗಾರರು ನೀರನ್ನು ಒಂದೇ ಕಡೆ ಕೂಡಿಡಲಿಲ್ಲ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ, ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ ಎಂದು ಒಂದು ತುಂಬಿದರೆ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದರು. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳಿಗೆ ಇದನ್ನು ತೋರಿಸುವುದು ವಾಡಿಕೆ. ಇಂಥ ಏರ್ಪಾಟಿನಲ್ಲಿ ಎಲ್ಲೋ ಹೂಳು ತುಂಬಿ ಕಾಲುವೆ ಕಟ್ಟಿದರೆ ಕೆಳಗಿನ ಹೊಂಡ ಒಣಗುತ್ತದೆ, ನೀರಿಗೆ ಬಂದವರ ಕಣ್ಣಿಗೆ ಬೀಳುತ್ತದೆ, ಕೂಗಾಟ ಆಗುತ್ತದೆ, ಹೂಳು ತೆಗೆಯುತ್ತಾರೆ.

ರೇಡ್‌ನಲ್ಲಿ ಹೀಗಾಗುವುದಿಲ್ಲ. ಒಂದು ಡಿಸ್ಕ್ ಕೆಟ್ಟಾಗ ಯಂತ್ರವು ಉಳಿದ ಡಿಸ್ಕುಗಳಿಂದ ಲೆಕ್ಕ ಹಾಕಿ ಕಳೆದುಹೋದ ಭಾಗವನ್ನು ಆಗಿಂದಾಗ ಒದಗಿಸುತ್ತದೆ. ಫೈಲು ತೆರೆಯುತ್ತದೆ, ಬಿಲ್ಲು ಮುದ್ರಣವಾಗುತ್ತದೆ, ಸ್ವಲ್ಪ ನಿಧಾನ, ಅಷ್ಟೇ. ಅಂಕಪಟ್ಟಿಯ ಒಂದು ಅಂಕ ಅಳಿಸಿದೆ, ಆದರೂ ಕೇಳಿದವರಿಗೆಲ್ಲ ಕಳೆದು ಹೇಳುತ್ತಿದ್ದೇವೆ. ಈ ಸ್ಥಿತಿಗೆ ‘ಡಿಗ್ರೇಡೆಡ್’, ಅಂದರೆ ಕುಗ್ಗಿದ ಸ್ಥಿತಿ ಎನ್ನುತ್ತಾರೆ. ಈಗ ರಕ್ಷಣೆ ಮುಗಿದಿದೆ, ಇನ್ನೊಂದು ಅಂಕ ಅಳಿಸಿದರೆ ಗತಿಯಿಲ್ಲ. ಕುಳಿತು ಕೆಲಸ ಮಾಡುವವನಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಪೆಟ್ಟಿಗೆಯ ಮೇಲೆ ಒಂದು ಕೆಂಪು ಇಲ್ಲವೇ ಹಳದಿ ದೀಪ ಹತ್ತುತ್ತದೆ, ಕೆಲವು ಪೆಟ್ಟಿಗೆಗಳು ಕೂಗುತ್ತವೆ.

ನನಗೆ ಪರಿಚಯದ ಒಬ್ಬರು ತಾಲ್ಲೂಕು ಕೇಂದ್ರವೊಂದರಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಾರೆ. ಹೆಸರು ಬೇಡ. ಮದುವೆ, ಗೃಹಪ್ರವೇಶ, ಶಾಲೆಗಳ ಗುಂಪು ಫೋಟೋ ಎಲ್ಲ ನಾಲ್ಕು ಡಿಸ್ಕಿನ ರೇಡ್-5 ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಒಂದು ದಿನ ಪೆಟ್ಟಿಗೆ ‘ಬೀಪ್ ಬೀಪ್’ ಎನ್ನತೊಡಗಿತು. ಗಿರಾಕಿಗಳಿಗೆ ಕಿರಿಕಿರಿ ಎಂದು ಹುಡುಗನೊಬ್ಬ ಶಬ್ದ ನಿಲ್ಲಿಸುವ ಗುಂಡಿ ಹುಡುಕಿ ಒತ್ತಿದ. ಎಲ್ಲವೂ ಸರಿಯಾಗಿಯೇ ನಡೆಯಿತು. ನಾಲ್ಕು ತಿಂಗಳ ಮೇಲೆ ಎರಡನೆಯ ಡಿಸ್ಕ್ ನಿಂತಿತು. ‘ಕೆಲಸ ನಿಂತಿರಲಿಲ್ವಲ್ಲ ಸಾರ್, ಫೋಟೋ ಎಲ್ಲಾ ತೆರೀತಾ ಇದ್ವಲ್ಲ’ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಆಲ್ಬಮ್ಮಿಗೆ ಇನ್ನೂ ಹೋಗಿರದ ಹನ್ನೊಂದು ಮದುವೆಗಳ ಚಿತ್ರಗಳು ಅದರಲ್ಲಿದ್ದವು. ಒಂದು ಮನೆಯಲ್ಲಿ ಮದುವೆಯಾದ ತಿಂಗಳಲ್ಲೇ ಹುಡುಗಿಯ ತಂದೆ ತೀರಿಕೊಂಡಿದ್ದರು. ಅವರು ಧಾರೆ ಎರೆಯುತ್ತಿದ್ದ ಚಿತ್ರವನ್ನು ಕೇಳಿಕೊಂಡು ಆ ಮಗಳು ಮೂರು ಸಲ ಅಂಗಡಿಗೆ ಬಂದಳಂತೆ.

ಕೆಟ್ಟ ಡಿಸ್ಕನ್ನು ಮೊದಲ ವಾರದಲ್ಲೇ ಬದಲಿಸಿದ್ದರೆ ಖರ್ಚಾಗುತ್ತಿದ್ದದ್ದು ಒಂದು ಡಿಸ್ಕಿನ ಬೆಲೆ. ನನ್ನ ಮಟ್ಟಿಗೆ ರೇಡ್‌ನ ನಿರ್ವಹಣೆ ಎಂದರೆ ಮುಕ್ಕಾಲು ಪಾಲು ಇದೇ: ಕೇಡು ಕಾಣುವಂತೆ ಮಾಡುವುದು, ಕಂಡ ಕೂಡಲೇ ಏಳುವುದು. ಆ ಎಚ್ಚರಿಕೆಯು ಪೆಟ್ಟಿಗೆಯ ಪಕ್ಕದಲ್ಲಿದ್ದವನ ಕಿವಿಗೆ ಮಾತ್ರ ಬೀಳದೆ, ಹೊಣೆ ಹೊತ್ತವನ ಇ-ಮೇಲಿಗೋ ಮೊಬೈಲಿಗೋ ಹೋಗುವಂತೆ ಏರ್ಪಾಟು ಮಾಡಬೇಕು. ಹೋಗುತ್ತದೆಯೇ ಎಂದು ಆಗಾಗ ಪರೀಕ್ಷೆಯನ್ನೂ ಮಾಡಬೇಕು. ವಿಳಾಸದಲ್ಲಿರುವ ನೌಕರ ವರ್ಗವಾಗಿ ಹೋಗಿ ಎರಡು ವರ್ಷವಾಗಿರಬಹುದು!

ಮರುಕಟ್ಟುವ ಕಂಟಕ

ಹೊಸ ಡಿಸ್ಕ್ ಹಾಕಿದ ತಕ್ಷಣ ಎಲ್ಲವೂ ಸರಿಹೋಗುವುದಿಲ್ಲ. ಉಳಿದ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಲೆಕ್ಕ ಹಾಕಿ, ಹೊಸದರ ಮೇಲೆ ಪೂರ್ತಿ ಬರೆಯಬೇಕು. 16 ಟೆರಾಬೈಟಿನ ಡಿಸ್ಕನ್ನು ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ತುಂಬಿಸಿದರೆ 80,000 ಸೆಕೆಂಡು, ಅಂದರೆ ಇಪ್ಪತ್ತೆರಡು ಗಂಟೆಗೂ ಹೆಚ್ಚು. ಅದೂ ಬೇರೆ ಕೆಲಸವಿಲ್ಲದೆ ಇದ್ದರೆ. ದಿನದ ಕೆಲಸವೂ ನಡೆಯುತ್ತಿದ್ದರೆ ಎರಡು ಮೂರು ದಿನ ಹಿಡಿಯುವುದುಂಟು. ಅಷ್ಟು ಹೊತ್ತು ಹಳೆಯ ಡಿಸ್ಕುಗಳು ಹಿಂದೆಂದೂ ದುಡಿಯದಷ್ಟು ದುಡಿಯುತ್ತವೆ. ಅವೂ ಸತ್ತ ಡಿಸ್ಕಿನ ವಯಸ್ಸಿನವೇ, ಬಹಳ ಸಲ ಒಂದೇ ಪೆಟ್ಟಿಗೆಯಲ್ಲಿ ಒಂದೇ ಕಾರ್ಖಾನೆಯಿಂದ ಬಂದ ಒಡಹುಟ್ಟಿದವು. ಎರಡನೆಯದು ಕೈಕೊಡುವುದು ಹೆಚ್ಚಾಗಿ ಇದೇ ಹೊತ್ತಿನಲ್ಲಿ. ಮೇಜಿನ ಕಂಪ್ಯೂಟರಿನ ಡಿಸ್ಕುಗಳಿಗೆ, 10ರ 14ನೇ ಘಾತದಷ್ಟು ಬಿಟ್ ಓದಿದಾಗ ಓದಲಾಗದ ಒಂದು ದೋಷ ಬರಬಹುದು ಎಂಬ ಮಿತಿಯನ್ನು ತಯಾರಕರೇ ಬರೆದಿರುತ್ತಾರೆ. ಅದು ಹನ್ನೆರಡೂವರೆ ಟೆರಾಬೈಟ್. ಇದು ಮಿತಿಯೇ ಹೊರತು ಖಚಿತವಾಗಿ ಆಗುವುದಲ್ಲ. ಆದರೂ ದೊಡ್ಡ ಡಿಸ್ಕುಗಳಿಗೆ ರೇಡ್-5 ಸಾಲದು, ರೇಡ್-6 ಬೇಕು ಎಂದು ಬಲ್ಲವರು ಹೇಳುವುದು ಈ ಕಾರಣಕ್ಕೆ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು ‘ಹಾಟ್ ಸ್ಪೇರ್’. ಬಸ್ಸಿನಲ್ಲಿ ಸ್ಟೆಪ್ನಿ ಇದ್ದಂತೆ ಪೆಟ್ಟಿಗೆಯೊಳಗೇ ಒಂದು ಖಾಲಿ ಡಿಸ್ಕ್ ಕಾದಿರುತ್ತದೆ. ಒಂದು ಕೆಟ್ಟ ಕ್ಷಣವೇ, ಭಾನುವಾರವಾಗಲಿ ನಡುರಾತ್ರಿಯಾಗಲಿ, ಯಂತ್ರವೇ ಮರುಕಟ್ಟುವ ಕೆಲಸ ಶುರುಮಾಡುತ್ತದೆ. ಎರಡನೆಯದು ‘ಸ್ಕ್ರಬ್ಬಿಂಗ್’, ಅಂದರೆ ತಿಂಗಳಿಗೊಮ್ಮೆಯಾದರೂ ಎಲ್ಲ ಡಿಸ್ಕುಗಳನ್ನೂ ಆದ್ಯಂತ ಓದಿಸಿ ಪ್ಯಾರಿಟಿ ತಾಳೆಯಾಗುತ್ತದೆಯೇ ನೋಡುವುದು. ವರ್ಷಗಟ್ಟಲೆ ಯಾರೂ ತೆರೆಯದ ಫೈಲಿನಲ್ಲಿ ತುಕ್ಕು ಹಿಡಿದಿದ್ದರೆ ಡಿಸ್ಕುಗಳೆಲ್ಲ ಗಟ್ಟಿಯಾಗಿರುವಾಗಲೇ ಗೊತ್ತಾಗಿ ರಿಪೇರಿಯಾಗುತ್ತದೆ. ಇದನ್ನು ಯಂತ್ರಕ್ಕೆ ಹೇಳಿಟ್ಟರೆ ತಾನೇ ಮಾಡುತ್ತದೆ. ಆದರೆ ಹೇಳಿಡಬೇಕು.

ಇನ್ನೊಂದು ಅನಾಹುತ ಮನುಷ್ಯನ ಕೈಯಿಂದಲೇ ಆಗುವಂಥದ್ದು. ಎರಡನೆಯ ಮನೆಯ ಡಿಸ್ಕ್ ಕೆಟ್ಟಿರುತ್ತದೆ, ಆತುರದಲ್ಲಿ ಮೂರನೆಯದನ್ನು ಎಳೆಯುತ್ತಾರೆ. ಕೆಲವು ಯಂತ್ರಗಳು ಸೊನ್ನೆಯಿಂದ ಎಣಿಸುತ್ತವೆ, ಮನುಷ್ಯರು ಒಂದರಿಂದ! ಪ್ರತಿ ಡಿಸ್ಕಿನ ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮುಂದೆ ಅಂಟಿಸಿದರೆ ಈ ತಪ್ಪು ತಪ್ಪುತ್ತದೆ. ಎಂದು ಹಾಕಿದ್ದು, ಎಂದು ಬದಲಿಸಿದ್ದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಕಂಪ್ಯೂಟರ್ ಕೋಣೆಯಲ್ಲಿ ಕಾಗದದ ಪುಸ್ತಕವೇ ಎಂದು ನಗುವವರಿಗೆ ಒಂದೇ ಮಾತು: ಕಂಪ್ಯೂಟರ್ ಕೆಟ್ಟಾಗ ಅದರೊಳಗಿನ ನೋಟ್‌ಬುಕ್ ತೆರೆಯುವುದಿಲ್ಲ.

ಡಿಸ್ಕುಗಳು ಎಷ್ಟು ಬೇಗ ಕೆಡುತ್ತವೆ ಎಂಬುದಕ್ಕೂ ಲೆಕ್ಕವಿದೆ. ಹತ್ತು ಲಕ್ಷ ಗಂಟೆಯ ಸರಾಸರಿ ಆಯುಸ್ಸು ಎಂದು ಕಂಪನಿಗಳು ಮುದ್ರಿಸುತ್ತವೆ. ಭಾಗಿಸಿ ನೋಡಿದರೆ 114 ವರ್ಷ! 2007ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಅದೇ ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆ ಪರಿಶೀಲಿಸಿದರು. ಕಂಪನಿಗಳ ಹೇಳಿಕೆಯಂತೆ ವರ್ಷಕ್ಕೆ ಹೆಚ್ಚೆಂದರೆ ನೂರಕ್ಕೆ 0.88 ಕೆಡಬೇಕಿತ್ತು. ನಿಜವಾಗಿ ಬದಲಿಸಬೇಕಾಗಿ ಬಂದದ್ದು ಸಾಮಾನ್ಯವಾಗಿ ನೂರಕ್ಕೆ 2ರಿಂದ 4, ಕೆಲವೆಡೆ 13ರವರೆಗೆ. ಅದೇ ವರ್ಷ ಗೂಗಲ್ ಸಂಸ್ಥೆಯವರು ತಮ್ಮ ಡಿಸ್ಕುಗಳ ಅಧ್ಯಯನ ಪ್ರಕಟಿಸಿದರು. ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ವರದಿ ಮಾಡುವ ‘ಸ್ಮಾರ್ಟ್’ ಎಂಬ ಏರ್ಪಾಟಿದೆಯಷ್ಟೆ. ಸತ್ತ ಡಿಸ್ಕುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು ಆ ವರದಿಯಲ್ಲಿ ದೋಷದ ಯಾವ ಸುಳಿವನ್ನೂ ಕೊಡದೆ ಸತ್ತಿದ್ದವು. ವರದಿ ನೋಡಬೇಕು, ಅದನ್ನೇ ನಂಬಿ ಕೂರಬಾರದು.

ನಮ್ಮ ಊರುಗಳಲ್ಲಿ ಇದಕ್ಕೆ ಕರೆಂಟಿನ ಕಾಟವೂ ಸೇರುತ್ತದೆ. ಮಾಹಿತಿ ಬರೆದಾಗಿದೆ, ಪ್ಯಾರಿಟಿ ಬರೆಯಬೇಕು ಎನ್ನುವಷ್ಟರಲ್ಲಿ ಕರೆಂಟು ಹೋದರೆ ‘ಒಟ್ಟು’ ಸುಳ್ಳಾಗಿ ಉಳಿಯುತ್ತದೆ. ಮುಂದೆ ಒಂದು ಡಿಸ್ಕ್ ಕೆಟ್ಟಾಗ ಆ ಸುಳ್ಳು ಒಟ್ಟಿನಿಂದ ಕಳೆದು ಸುಳ್ಳು ಉತ್ತರ ಬರುತ್ತದೆ. ಅದಕ್ಕೇ ಒಳ್ಳೆಯ ರೇಡ್ ಕಾರ್ಡುಗಳಲ್ಲಿ ಬ್ಯಾಟರಿ ಇರುತ್ತದೆ. ಕರೆಂಟು ಬರುವವರೆಗೆ ಅರ್ಧ ಮುಗಿದ ಕೆಲಸವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಆ ಬ್ಯಾಟರಿಗೂ ಯುಪಿಎಸ್‌ನ ಬ್ಯಾಟರಿಗೂ ವಯಸ್ಸಾಗುತ್ತದೆ ಎಂಬುದು ಮರೆತುಹೋಗುವ ಸಂಗತಿ. ಪೆಟ್ಟಿಗೆಯನ್ನು ಬೀರುವಿನೊಳಗೆ ಬೀಗ ಹಾಕಿಡುವವರನ್ನೂ ಕಂಡಿದ್ದೇನೆ. ಕಳ್ಳರಿಂದ ಉಳಿಯಿತು, ಶಾಖದಿಂದ ಉಳಿಯುವುದಿಲ್ಲ.

ರೇಡ್ ಇದ್ದೂ ಕಳೆದದ್ದು

ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 2000ದ ನಂತರದ ಆ ವರ್ಷಗಳಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಸಾಲುಗಟ್ಟಿ ನಿಂತದ್ದು ಹಿರಿಯರಿಗೆ ನೆನಪಿರಬಹುದು. ಕೈಬರಹದ ಪಹಣಿಯ ಕಾಲ ಅಲ್ಲಿಗೆ ಮುಗಿಯಿತು. ರೈತನ ಹೊಲದ ದಾಖಲೆ ಈಗ ಕಂಪ್ಯೂಟರಿನಲ್ಲಿ ಇರುವುದೇ. ಇಂಥ ದಾಖಲೆಗೆ ರೇಡ್ ಇದ್ದರೆ ಸಾಕೇ? ಸಾಲದು, ಮತ್ತು ಇದನ್ನು ತಿಳಿಯದವರೇ ಹೆಚ್ಚು.

ರೇಡ್ ಕಾಯುವುದು ಡಿಸ್ಕಿನ ಸಾವಿನಿಂದ ಮಾತ್ರ. ಯಾರಾದರೂ ತಪ್ಪಿ ಒಂದು ಫೈಲನ್ನು ಅಳಿಸಿದರೆ ರೇಡ್ ಅದನ್ನು ಎಲ್ಲ ಡಿಸ್ಕುಗಳಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ವೈರಸ್ ಬಂದು ಹಾಳುಮಾಡಿದರೆ ಹಾಳಾದದ್ದನ್ನೇ ಜೋಪಾನವಾಗಿ ಕಾಯುತ್ತದೆ. ಬೆಂಕಿ, ನೀರು, ಕಳ್ಳತನಗಳ ಮುಂದೆ ಪೆಟ್ಟಿಗೆಯೊಳಗಿನ ಎಲ್ಲ ಡಿಸ್ಕುಗಳೂ ಒಂದೇ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಿಂದ ಸುಮಾರು 77 ಟೆರಾಬೈಟ್, ಅಂದರೆ 3 ಕೋಟಿ 40 ಲಕ್ಷ ಫೈಲುಗಳು ಅಳಿಸಿಹೋದವು. ಕಾರಣ ಡಿಸ್ಕಿನ ದೋಷವಲ್ಲ, ಒಂದು ಪ್ರೋಗ್ರಾಮಿನ ತಪ್ಪು. ಅದೂ ಪ್ರತಿ ತೆಗೆದಿಡುವ ಕೆಲಸದ ಪ್ರೋಗ್ರಾಮು! 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿ ಸರ್ಕಾರದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಹೊತ್ತಿಕೊಂಡದ್ದು ಯುಪಿಎಸ್ ಬ್ಯಾಟರಿಗಳಿಂದ. ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಒಂದು ಸಂಗ್ರಹದ 858 ಟೆರಾಬೈಟ್ ಸುಟ್ಟುಹೋಯಿತು. ಅದು ತುಂಬ ದೊಡ್ಡದೆಂದು ಹೊರಗೆ ಪ್ರತಿ ಇಟ್ಟಿರಲಿಲ್ಲ.

ಆದ್ದರಿಂದ ವೃತ್ತಿಯವರು ಪಾಲಿಸುವ ಸೂತ್ರ 3-2-1: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಾದರೂ ಇರಬೇಕು. ಇಟ್ಟ ಪ್ರತಿಯಿಂದ ಆಗಾಗ ಒಂದೆರಡು ಫೈಲುಗಳನ್ನು ವಾಪಸ್ ತೆಗೆದು ತೆರೆದು ನೋಡಬೇಕು. ಆ ಫೋಟೋ ಸ್ಟುಡಿಯೋದವರು ಈಗ ಪ್ರತಿ ಶನಿವಾರ ಒಂದು ಡಿಸ್ಕಿಗೆ ಎಲ್ಲವನ್ನೂ ಇಳಿಸಿ ಮನೆಗೆ ಒಯ್ಯುತ್ತಾರೆ.

ಈ ಕೆಲಸ ಕಲಿತವರಿಗೆ ಉದ್ಯೋಗವಿದೆಯೇ ಎಂದು ಪೋಷಕರು ಕೇಳುವುದು ಸಹಜ. ಒಂದು ಲೆಕ್ಕ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರಿನ ಸಂಗ್ರಹ 4 ಪೆಟಾಬೈಟ್, ಅಂದರೆ 4,000 ಟೆರಾಬೈಟ್. 16 ಟೆರಾಬೈಟಿನ ಡಿಸ್ಕುಗಳೆಂದು ಇಟ್ಟುಕೊಂಡರೂ 250 ಬೇಕು, ಪ್ಯಾರಿಟಿಗೆ ಬೇರೆ. ನೂರಕ್ಕೆ ಮೂರು ಕೆಡುತ್ತವೆಂದರೆ ವರ್ಷಕ್ಕೆ ಏಳೆಂಟು ಸಲ ಯಾರಾದರೂ ಎದ್ದು ಹೋಗಿ ಸರಿಯಾದ ಮನೆಯಿಂದ ಸರಿಯಾದ ಡಿಸ್ಕನ್ನು ಎಳೆಯಬೇಕು. ಅದೇ ಸಂಸ್ಥೆಯ ಎರಡನೆಯ ಆವರಣ ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಇದೆ. ಶಾಲೆಗಳ ವಿಜ್ಞಾನ, ಗಣಿತ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ, ವಿದ್ಯುತ್ ಕಂಪನಿ, ಎಲ್ಲಿ ದಾಖಲೆ ಇದೆಯೋ ಅಲ್ಲೆಲ್ಲ ಈ ಕೆಲಸವಿದೆ. ಎಂಜಿನಿಯರಿಂಗ್ ಸೀಟೇ ಆಗಬೇಕೆಂದಿಲ್ಲ. ಡಿಪ್ಲೊಮಾ ಮಾಡಿ, ಲಿನಕ್ಸ್ ಚೆನ್ನಾಗಿ ಕಲಿತವರೂ ಇದರಲ್ಲಿದ್ದಾರೆ. ಹೊಗಳಿಕೆ ಬಯಸುವವರಿಗೆ ಮಾತ್ರ ಇದು ಹೇಳಿಸಿದ್ದಲ್ಲ. ಎಲ್ಲವೂ ಸರಿಯಾಗಿದ್ದಾಗ ಇಂಥವನೊಬ್ಬನಿದ್ದಾನೆ ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ.

ಮಾಡಿ ನೋಡಬಯಸುವವರಿಗೆ ರಜೆಯಲ್ಲಿ ಒಂದು ಪ್ರಯೋಗ. ಒಂದೇ ಗಾತ್ರದ ನಾಲ್ಕು ಹಳೆಯ ಪೆನ್‌ಡ್ರೈವ್, ಒಂದು ಯುಎಸ್‌ಬಿ ಹಬ್, ಲಿನಕ್ಸ್ ಹಾಕಿದ ಯಾವುದಾದರೂ ಹಳೆಯ ಕಂಪ್ಯೂಟರ್ ಸಾಕು. ಲಿನಕ್ಸಿನಲ್ಲಿ ‘ಎಂಡಿ-ಆಡಮ್’ ಎಂಬ ಉಚಿತ ಪ್ರೋಗ್ರಾಮಿದೆ. ಪೆನ್‌ಡ್ರೈವ್‌ಗಳಲ್ಲಿ ಇರುವುದೆಲ್ಲ ಅಳಿಸಿಹೋಗುವುದರಿಂದ ಬೇಕಾದದ್ದನ್ನು ಮೊದಲೇ ತೆಗೆದಿಡಿ. ಕಂಪ್ಯೂಟರಿನ ಸ್ವಂತ ಡಿಸ್ಕಿನ ಹೆಸರು ಕೊಡದಂತೆ ಗೊತ್ತಿದ್ದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೂರು ಪೆನ್‌ಡ್ರೈವ್ ಸೇರಿಸಿ ರೇಡ್-5 ಕಟ್ಟಿ, ಅದರಲ್ಲಿ ಕೆಲವು ಫೋಟೋಗಳನ್ನು ಹಾಕಿ, ಒಂದನ್ನು ಕಿತ್ತುಬಿಡಿ. ಫೋಟೋಗಳು ತೆರೆಯುತ್ತವೆ. ಸ್ಥಿತಿ ತೋರಿಸುವ ಸಾಲಿನಲ್ಲಿ ಮೂರು ಇಂಗ್ಲಿಷ್ ‘ಯು’ ಅಕ್ಷರಗಳ ಜಾಗದಲ್ಲಿ ಎರಡೇ ಉಳಿದು ಮೂರನೆಯ ಕಡೆ ಬರೀ ಅಡ್ಡಗೆರೆ ಕಾಣುತ್ತದೆ. ಈಗ ನಾಲ್ಕನೆಯದನ್ನು ಸೇರಿಸಿ, ಶೇಕಡಾವಾರು ಏರುವುದನ್ನು ನೋಡಿ, ಮುಗಿಯಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಟ್ಟುಕೊಂಡು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಆಯಿತೆಂದು ಲೆಕ್ಕ ಹಾಕಿ. ಪ್ರಯೋಗವನ್ನು ಎರಡನೆಯ ಸಲ ಮಾಡುವಾಗ ಮರುಕಟ್ಟುವ ಕೆಲಸ ಅರ್ಧಕ್ಕೆ ಬಂದಾಗ ಇನ್ನೊಂದು ಪೆನ್‌ಡ್ರೈವನ್ನೂ ಕಿತ್ತು ಫೋಟೋ ತೆರೆಯಲು ಪ್ರಯತ್ನಿಸಿ.